ಸ್ವತಂತ್ರ ವೃತ್ತಿಯ ಯೋಗಕ್ಷೇಮ

ಪದವಿಚಾರ

ಯಾವ ಸಂಸ್ಥೆಯ ಸಂಬಳಕ್ಕೂ ಒಳಪಡದೆ, ತನ್ನ ಬರಹವನ್ನು ಬೇಕೆಂದವರಿಗೆ ಒದಗಿಸಿ, ಅದರಿಂದ ಬಂದ ಹಣದಲ್ಲಿ ಬಾಳುವವನನ್ನು ಕನ್ನಡ ಪತ್ರಿಕೆಗಳು ಬಹುಕಾಲದಿಂದ ‘ಹವ್ಯಾಸಿ ಪತ್ರಕರ್ತ’, ‘ಹವ್ಯಾಸಿ ಬರಹಗಾರ’ ಎಂದು ಕರೆಯುತ್ತ ಬಂದಿವೆ. ಈ ಹೆಸರಿನಲ್ಲಿ ಒಂದು ಅನರ್ಥ ಅಡಗಿದೆ. ಹವ್ಯಾಸವೆಂದರೆ ಬಿಡುವಿನ ವೇಳೆಯ ಅಭ್ಯಾಸ. ರಂಗಭೂಮಿಯಲ್ಲಂತೂ ‘ಹವ್ಯಾಸಿ ತಂಡ’ ಎಂಬುದು ‘ವೃತ್ತಿ ಕಂಪನಿ’ಗೆ ನೇರ ಪ್ರತಿಪದವಾಗಿದೆ. ಹಾಗಿರುವಾಗ ಬರಹವೊಂದನ್ನೇ ನೆಚ್ಚಿದವನಿಗೆ ಹವ್ಯಾಸಿಯೆಂದು ಹೆಸರಿಟ್ಟರೆ, ಅವನಿಗೆ ಸಲ್ಲಬೇಕಾದ ಹಣವೂ ಬಿಡುವಾದಾಗ ಕೊಡತಕ್ಕದ್ದು ಎಂಬ ಭಾವನೆ ಬೆಳೆಯುವುದು ಸಹಜ. ಆ ಹಣಕ್ಕೆ ಇಟ್ಟ ಹೆಸರುಗಳೂ ಅಂಥವೇ: ‘ಗೌರವಧನ’, ‘ಸಂಭಾವನೆ’. ಸಂಭಾವನೆ ಎಂದರೆ ಮೂಲದಲ್ಲಿ ಮನ್ನಣೆ. ಮನ್ನಣೆಯನ್ನು ಕೇಳಿ ಪಡೆಯಬಾರದೆಂಬ ಸಂಕೋಚದಿಂದ ಎಷ್ಟೋ ಮಂದಿ ತಮ್ಮ ದುಡಿಮೆಯ ಬೆಲೆಯನ್ನು ಬಾಯಿಬಿಟ್ಟು ಹೇಳದೆಯೇ ಉಳಿದಿದ್ದಾರೆ.

ಇಂಗ್ಲಿಷಿನ ‘ಫ್ರೀಲಾನ್ಸ್’ ಪದದ ಕಥೆ ಬೇರೆ. ಸರ್ ವಾಲ್ಟರ್ ಸ್ಕಾಟನು 1819ರ ಕೊನೆಯಲ್ಲಿ ಹೊರತಂದ ‘ಐವನ್‌ಹೋ’ ಕಾದಂಬರಿಯಿಂದ ಅದು ಪ್ರಸಿದ್ಧಿಗೆ ಬಂದಿತು. ಯಾವ ಒಡೆಯನಿಗೂ ಶಾಶ್ವತವಾಗಿ ಕಟ್ಟುಬೀಳದೆ, ಹಣ ಕೊಟ್ಟವರ ಪರವಾಗಿ ಭರ್ಜಿ ಹಿಡಿದು ಕಾದುವ ಭಟರಿಗೆ ಅಲ್ಲಿ ಆ ಹೆಸರು. ಕನ್ನಡದ ಹಳೆಯ ಕಾವ್ಯ ಶಾಸನಗಳ ಆದರ್ಶ ಇದಕ್ಕೆ ತೀರ ವಿರುದ್ಧವಾದುದು. ಒಡೆಯನ ಜೋಳವನ್ನುಂಡ ಋಣಕ್ಕೆ ಪ್ರಾಣವನ್ನೇ ತೆರುವ ‘ಜೋಳವಾಳಿ’ ಇಲ್ಲಿ ವೀರನ ಧರ್ಮವೆನಿಸಿತ್ತು. ಒಂದು ಕಡೆ ಋಣವಿಲ್ಲದ ಸ್ವಾತಂತ್ರ್ಯ, ಇನ್ನೊಂದು ಕಡೆ ಸ್ವಾತಂತ್ರ್ಯವಿಲ್ಲದ ಋಣ. ಇವೆರಡರ ನಡುವೆ ಮೂರನೆಯ ದಾರಿಯೊಂದುಂಟೇ ಎಂಬುದೇ ಪ್ರಸ್ತುತ ವಿಷಯ.

ಈ ಪ್ರಶ್ನೆ ಇಂದು ಬರಹಗಾರರಿಗಷ್ಟೇ ಸೇರಿದುದಲ್ಲ. ಕರಡು ತಿದ್ದುವವರು, ಅನುವಾದಕರು, ಮುಖಪುಟ ಬರೆಯುವ ಕಲಾವಿದರು, ಛಾಯಾಗ್ರಾಹಕರು, ಗಮಕಿಗಳು, ಸಂಗೀತದ ಪಾಠ ಹೇಳುವವರು, ಗಣಕಯಂತ್ರದ ಕೆಲಸವನ್ನು ಮನೆಯಲ್ಲಿಯೇ ಕುಳಿತು ಮಾಡಿಕೊಡುವ ತರುಣ ತರುಣಿಯರು ಎಲ್ಲರೂ ಈ ವರ್ಗಕ್ಕೆ ಸೇರಿದವರು. ಶಾಲೆಯಿಂದ ಹೊರಬಿದ್ದ ವಿದ್ಯಾರ್ಥಿಗಳಲ್ಲಿ ಎಲ್ಲರಿಗೂ ಸಂಬಳದ ಹುದ್ದೆ ದೊರೆಯುವುದಿಲ್ಲ. ದೊರೆತರೂ ಎಲ್ಲರಿಗೂ ಅದು ಒಗ್ಗುವುದಿಲ್ಲ. ಸ್ವತಂತ್ರವಾಗಿ ಬಾಳಹೊರಟವರು ನಾಲ್ಕಾರು ವರ್ಷಗಳಲ್ಲಿ ದಣಿದು, ಒಂದು ಕಾಲಕ್ಕೆ ಪ್ರಿಯವಾಗಿದ್ದ ವಿದ್ಯೆಯನ್ನೇ ದ್ವೇಷಿಸುವ ಸ್ಥಿತಿಗೆ ಬರುವುದುಂಟು. ವಿದ್ಯೆ ಕಲಿಸಿದವರು ಯೋಚಿಸಬೇಕಾದ ಸಂಗತಿಯಿದು.

‘ಯೋಗಕ್ಷೇಮ’ ಎಂಬ ಪದ ಇಲ್ಲಿ ನೆರವಿಗೆ ಬರುತ್ತದೆ. ಇಲ್ಲದುದನ್ನು ಪಡೆಯುವುದು ಯೋಗ, ಪಡೆದುದನ್ನು ಕಾಪಾಡಿಕೊಳ್ಳುವುದು ಕ್ಷೇಮ ಎಂದು ಭಾಷ್ಯಕಾರರು ಬಿಡಿಸಿ ಹೇಳುತ್ತಾರೆ. ಸ್ವತಂತ್ರ ವೃತ್ತಿಯವನ ಆಯುಷ್ಯವೆಲ್ಲ ಯೋಗದಲ್ಲಿಯೇ ಕಳೆಯುತ್ತದೆ. ಒಂದು ಕೆಲಸ ಮುಗಿಯುತ್ತಲೇ ಇನ್ನೊಂದನ್ನು ಹುಡುಕುವುದು, ಅದು ಮುಗಿಯುತ್ತಲೇ ಮತ್ತೊಂದು. ಅವನ ಕಷ್ಟಕ್ಕೆ ಕಾರಣ ಹಲವು ವೇಳೆ ಕೆಲಸದ ಅಭಾವವಲ್ಲ, ಕ್ಷೇಮದ ಅಭಾವ.

ಹಳೆಯ ಎರಡು ಮಾರ್ಗಗಳು

‘ವೃತ್ತಿ’ ಎಂಬ ಶಬ್ದಕ್ಕೆ ಇಂದು ಉದ್ಯೋಗವೆಂದು ಅರ್ಥ. ಶಾಸನಗಳಲ್ಲಿ ಆ ಶಬ್ದ ಬಂದಾಗ, ವಿದ್ವಾಂಸರ ಜೀವನಕ್ಕೆಂದು ಅಗ್ರಹಾರದ ಭೂಮಿಯಲ್ಲಿ ಹಂಚಿಕೊಟ್ಟ ಪಾಲು ಎಂದು ಅರ್ಥ. ಹತ್ತನೆಯ ಶತಮಾನದ ಪಂಪನಿಗೆ ಅರಿಕೇಸರಿಯು ಧರ್ಮವುರವೆಂಬ ಅಗ್ರಹಾರವನ್ನು ಕೊಟ್ಟ ಸಂಗತಿ ‘ವಿಕ್ರಮಾರ್ಜುನ ವಿಜಯ’ದಲ್ಲಿಯೇ ಇದೆ. ಕವಿಗೆ ಅನ್ನದ ಚಿಂತೆ ತಪ್ಪಿತು. ಅದೇ ಕಾವ್ಯದಲ್ಲಿ ಅರ್ಜುನನೊಡನೆ ಅರಿಕೇಸರಿಯನ್ನು ಒಂದುಮಾಡಿ ಹಾಡುವ ಹೊಣೆಯೂ ಬಂದಿತು. ಇದು ಒಬ್ಬನೇ ಆಶ್ರಯದಾತನಿಂದ ಬಂದ ಕ್ಷೇಮ. ಹರಿಹರನು ಹೊಯ್ಸಳರ ಅರಮನೆಯ ಕರಣಿಕ ಪದವಿಯನ್ನು ತೊರೆದು ಹಂಪೆಗೆ ಬಂದನೆಂಬ ಐತಿಹ್ಯವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ಸ್ಥಿರತೆ ಸ್ವಾತಂತ್ರ್ಯಗಳ ಎಳೆದಾಟ ಎಷ್ಟು ಹಳೆಯದೆಂಬುದು ತಿಳಿಯುತ್ತದೆ.

ಇನ್ನೊಂದು ಮಾರ್ಗ ಹಳ್ಳಿಗಳಲ್ಲಿದ್ದ ಆಯದ ಪದ್ಧತಿ. ಬಡಿಗ, ಕಮ್ಮಾರ, ಕುಂಬಾರ, ಅಗಸ ಮೊದಲಾದ ಆಯಗಾರರು ವರ್ಷವಿಡೀ ರೈತನ ನೇಗಿಲು, ಕುಂಟೆ, ಕುಡಗೋಲುಗಳನ್ನು ಸರಿಪಡಿಸಿಕೊಟ್ಟು, ಸುಗ್ಗಿಯಲ್ಲಿ ಕಣದ ರಾಶಿಯಿಂದ ಗೊತ್ತಾದ ಪಾಲನ್ನು ಒಯ್ಯುತ್ತಿದ್ದರು. ಪ್ರತಿಯೊಂದು ಕೆಲಸಕ್ಕೂ ಬೆಲೆ ಕಟ್ಟುವ ಚೌಕಾಸಿ ಇರಲಿಲ್ಲ. ಹೊಸ ಬಂಡಿಯನ್ನೋ ಬಾಗಿಲನ್ನೋ ಮಾಡಬೇಕಾದಾಗ ಬೇರೆ ಕೂಲಿ ಗೊತ್ತಾಗುತ್ತಿತ್ತು. ಇದರಲ್ಲಿ ಒಂದು ಜಾಣ್ಮೆಯುಂಟು: ಆಯ ಬರುತ್ತಿದ್ದುದು ಒಬ್ಬ ಒಡೆಯನಿಂದಲ್ಲ, ಊರಿನ ಅನೇಕ ಮನೆಗಳಿಂದ. ಒಂದು ಮನೆಯ ಬೆಳೆ ಕೆಟ್ಟರೆ ಇನ್ನೊಂದು ಮನೆಯ ರಾಶಿ ಕೈಹಿಡಿಯುತ್ತಿತ್ತು.

ಆದರೆ ಈ ಪದ್ಧತಿಯನ್ನು ಹೊಗಳಿ ಕೈಬಿಡುವಂತಿಲ್ಲ. ಅದು ಜಾತಿಗೆ ಅಂಟಿದ ಬಾಳು. ಬಡಿಗನ ಮಗ ಬೇರೆ ಕಸುಬನ್ನು ಆರಿಸಿಕೊಳ್ಳುವಂತಿರಲಿಲ್ಲ, ಪಾಲು ಸಾಲದೆಂದು ಜಗಳವಾಡುವ ಬಲವೂ ಅವನಿಗೆ ಇರಲಿಲ್ಲ. ಆಯದಲ್ಲಿ ಕ್ಷೇಮವಿತ್ತು, ಆಯ್ಕೆಯಿರಲಿಲ್ಲ. ಇಂದಿನ ಸ್ವತಂತ್ರ ವೃತ್ತಿಯಲ್ಲಿ ಆಯ್ಕೆಯಿದೆ, ಕ್ಷೇಮವಿಲ್ಲ. ಆಯ್ಕೆಯನ್ನು ಬಿಡದೆ ಆಯವನ್ನು ಕಟ್ಟಿಕೊಳ್ಳುವುದು ಹೇಗೆಂಬುದನ್ನು ಕನ್ನಡದ ಕೆಲವು ಹಿರಿಯರ ಬಾಳಿನಿಂದಲೇ ಕಲಿಯಬಹುದಾಗಿದೆ.

ಗಳಗನಾಥರ ಹೊರೆ

ಸ್ಕಾಟನ ಐತಿಹಾಸಿಕ ಕಾದಂಬರಿಗಳ ಬೀಜ ಮರಾಠಿಯಲ್ಲಿ ಹರಿ ನಾರಾಯಣ ಆಪಟೆಯವರಲ್ಲಿ ಮೊಳೆತು, ಅಲ್ಲಿಂದ ಕನ್ನಡಕ್ಕೆ ಗಳಗನಾಥರ ಮೂಲಕ ಬಂದಿತು. ಗಳಗನಾಥರೆಂದೇ ಹೆಸರಾದ ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942) ಈಗಿನ ಹಾವೇರಿ ಜಿಲ್ಲೆಯವರು, ಶಿಕ್ಷಕ ವೃತ್ತಿಯಿಂದ ಬಂದವರು. ಕನ್ನಡದಲ್ಲಿ ಕಾದಂಬರಿ ಓದುವ ಜನವೇ ವಿರಳವಾಗಿದ್ದ ಕಾಲದಲ್ಲಿ ಅವರು ಬರೆದರು. ಬರೆದುದನ್ನು ತಲೆಯ ಮೇಲೆ ಹೊತ್ತು ಊರೂರು ಅಲೆದು ಮಾರಿದರೆಂಬುದನ್ನು ಕನ್ನಡಿಗರು ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತಾರೆ.

ಈ ಹೊರೆಯ ಚಿತ್ರದ ಹಿಂದೆ ಮರೆಯಾಗಿರುವ ಇನ್ನೊಂದು ಸಂಗತಿಯಿದೆ. 1907ರಲ್ಲಿ ಅಗಡಿಯ ಆನಂದವನದಿಂದ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆ ಹೊರಟಿತು. ಗಳಗನಾಥರ ಕಾದಂಬರಿಗಳು ಅದರಲ್ಲಿ ತಿಂಗಳು ತಿಂಗಳಿಗೆ ಕಂತುಗಳಾಗಿ ಬಂದವು. ಪುಸ್ತಕದ ಹೊರೆಯನ್ನು ಹೊತ್ತವನು ಪ್ರತಿ ಮನೆಯ ಬಾಗಿಲಲ್ಲಿಯೂ ಹೊಸದಾಗಿ ಮಾತು ಆರಂಭಿಸಬೇಕು. ಪತ್ರಿಕೆಗೆ ಚಂದಾದಾರನಾದವನ ಮನೆಗೆ ಬರಹ ತಾನಾಗಿ ಹೋಗುತ್ತದೆ. ಮೊದಲನೆಯದು ಬಿಡಿ ಮಾರಾಟ, ಎರಡನೆಯದು ಆಯ. ಮುಂದಿನ ತಿಂಗಳು ಕಥೆ ಏನಾಯಿತೆಂದು ಕಾಯುವ ಓದುಗ ಲೇಖಕನಿಗೆ ಹಣವನ್ನಷ್ಟೇ ಅಲ್ಲ, ಬರೆಯುವ ಉತ್ಸಾಹವನ್ನೂ ಕೊಡುತ್ತಾನೆ. ಸ್ಥೈರ್ಯವೂ ಸಂತೋಷವೂ ಒಂದೇ ಮೂಲದಿಂದ ಹುಟ್ಟುವುದಕ್ಕೆ ಇದು ನಿದರ್ಶನ.

ಚಂದಾ ಎಂಬ ಋಣ

ಮುಂಗಡವಾಗಿ ಹಣ ಪಡೆಯುವ ಈ ಪದ್ಧತಿಗೆ ಒಂದು ಅಪಾಯವೂ ಉಂಟು. ಇಂಗ್ಲಿಷ್ ನಿಘಂಟುಕಾರನಾದ ಸ್ಯಾಮ್ಯುಯಲ್ ಜಾನ್ಸನ್ನನ ಬಾಳಿನಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ. 1746ರಲ್ಲಿ ಪುಸ್ತಕ ವ್ಯಾಪಾರಿಗಳು ಅವನೊಡನೆ ನಿಘಂಟಿಗಾಗಿ 1,500 ಗಿನಿಗಳ ಒಪ್ಪಂದ ಮಾಡಿಕೊಂಡರು. ಮೂರು ವರ್ಷಗಳಲ್ಲಿ ಮುಗಿಯುವುದೆಂದು ಅವನು ಎಣಿಸಿದ್ದ ಕೆಲಸ 1755ರಲ್ಲಿ ಮುಗಿಯಿತು. ಆ ಮೊತ್ತದಲ್ಲಿಯೇ ಸಹಾಯಕ ಲಿಪಿಕಾರರ ಕೂಲಿಯನ್ನೂ ಕೊಡಬೇಕಾಗಿದ್ದುದರಿಂದ ಕೆಲಸ ಮುಗಿಯುವ ಹೊತ್ತಿಗೆ ಹಣವೂ ಮುಗಿದಿತ್ತು. ಮರುವರ್ಷ, ಕೀರ್ತಿಯ ಶಿಖರದಲ್ಲಿದ್ದಾಗಲೇ, ಆರು ಪೌಂಡಿಗೂ ಕಡಿಮೆಯ ಸಾಲಕ್ಕಾಗಿ ಅವನು ಬಂಧನಕ್ಕೆ ಒಳಗಾದನು. ಕಾದಂಬರಿಕಾರ ರಿಚರ್ಡ್‌ಸನ್ನನು ಹಣ ಕಳುಹಿಸಿ ಬಿಡಿಸಿದನು.

ಅದೇ 1756ರಲ್ಲಿ ಜಾನ್ಸನ್ನನು ಷೇಕ್ಸ್‌ಪಿಯರನ ನಾಟಕಗಳ ಆವೃತ್ತಿಗೆಂದು ಚಂದಾ ಎತ್ತಿದನು. 1757ರ ಕೊನೆಗೆ ಕೊಡುವೆನೆಂದ ಸಂಪುಟಗಳು ಹೊರಬಂದುದು 1765ರಲ್ಲಿ. ಚಂದಾದ ಹಣ ಅಷ್ಟರಲ್ಲಿ ಖರ್ಚಾಗಿತ್ತು. ಲಂಡನ್ನಿನ ಕವಿಯೊಬ್ಬನು ಈ ವಿಳಂಬವನ್ನು ಬಹಿರಂಗವಾಗಿ ಹಾಸ್ಯಮಾಡಿದನು. 1762ರಲ್ಲಿ ದೊರೆಯಿಂದ ವರ್ಷಕ್ಕೆ 300 ಪೌಂಡಿನ ಮಾಶಾಸನ ದೊರೆತ ಮೇಲಷ್ಟೇ ಅವನ ಅನ್ನದ ಚಿಂತೆ ನೀಗಿತು. ಇಷ್ಟು ದೊಡ್ಡ ವಿದ್ವಾಂಸನಿಗೆ ಕೊರತೆಯಾದುದು ಪಾಂಡಿತ್ಯದಲ್ಲಲ್ಲ, ಎಣಿಕೆಯಲ್ಲಿ. ಕೆಲಸಕ್ಕೆ ಬೇಕಾಗುವ ಕಾಲವನ್ನು ಅವನು ಮೂರರಲ್ಲಿ ಒಂದು ಪಾಲೆಂದು ಅಳೆದನು. ಮುಂಗಡ ಬಂದ ಹಣ ತನ್ನದಾಗಿಲ್ಲ, ಕೆಲಸ ಒಪ್ಪಿಸಿದ ಮೇಲಷ್ಟೇ ತನ್ನದು ಎಂಬುದನ್ನು ಮರೆತನು.

ಇದೇ ಚಂದಾ ಪದ್ಧತಿಯನ್ನು ಕನ್ನಡದಲ್ಲಿ ಶಿಸ್ತಿನಿಂದ ನಡೆಸಿದ ಉದಾಹರಣೆ ಧಾರವಾಡದ ಮನೋಹರ ಗ್ರಂಥಮಾಲೆ. ‘ಜಡಭರತ’ ಎಂಬ ಹೆಸರಿನಿಂದ ನಾಟಕ ಬರೆದ ಜಿ. ಬಿ. ಜೋಶಿಯವರು (1904–1993) ಇದನ್ನು 1933ರಲ್ಲಿ ಕಟ್ಟಿದರು. ವರ್ಷದ ಚಂದಾ ಕೊಟ್ಟವರಿಗೆ ಆ ವರ್ಷದ ಪುಸ್ತಕಗಳು ತಲುಪುವ ವ್ಯವಸ್ಥೆ ಅದು. ‘ಅಟ್ಟ’ವೆಂದೇ ಪ್ರಸಿದ್ಧವಾದ ಅದರ ಚಿಕ್ಕ ಕಚೇರಿಯಲ್ಲಿ ಲೇಖಕರು ಸೇರಿ ಚರ್ಚಿಸುತ್ತಿದ್ದರು, ಕೀರ್ತಿನಾಥ ಕುರ್ತಕೋಟಿಯವರು ಸಾಹಿತ್ಯ ಸಲಹೆಗಾರರಾಗಿದ್ದರು. ಇನ್ನೂ ಹೆಸರು ಕೇಳದ ತರುಣನಾಗಿದ್ದ ಗಿರೀಶ ಕಾರ್ನಾಡರ ‘ಯಯಾತಿ’ಯನ್ನು 1961ರಲ್ಲಿ ಪ್ರಕಟಿಸುವ ಧೈರ್ಯ ಈ ಸಂಸ್ಥೆಗೆ ಬಂದುದು ಹೇಗೆ? ಹೊಸಬನ ಪುಸ್ತಕವೊಂದನ್ನು ಬಿಡಿಯಾಗಿ ಮಾರಹೊರಟರೆ ಕೊಳ್ಳುವವರು ಯಾರೆಂಬ ಅಂಜಿಕೆ ಇರುತ್ತದೆ. ಚಂದಾದಾರರ ಬಳಗವಿದ್ದಲ್ಲಿ ಆ ಅಂಜಿಕೆ ಕಡಿಮೆ. ಸ್ಥಿರವಾದ ಆಯವೊಂದಿದ್ದರೆ ಸಾಹಸಕ್ಕೂ ಎಡೆಯಾಗುತ್ತದೆ ಎಂಬುದು ಇದರಿಂದ ದೊರೆಯುವ ಪಾಠ.

ಕಾರಂತರು ಮತ್ತು ಹಳಕಟ್ಟಿಯವರು

ಒಂದೇ ಆಯವನ್ನು ನೆಚ್ಚದೆ ಹಲವು ಕವಲುಗಳಲ್ಲಿ ಬಾಳನ್ನು ಹರಡಿದವರು ಶಿವರಾಮ ಕಾರಂತರು (1902–1997). ಗಾಂಧೀಜಿಯ ಕರೆಗೆ ಓಗೊಟ್ಟು ಕಾಲೇಜು ಬಿಟ್ಟವರು ಮುಂದೆ ಸಂಬಳದ ಹುದ್ದೆಯನ್ನು ಬಾಳಿನ ಆಧಾರವಾಗಿ ಮಾಡಿಕೊಳ್ಳಲಿಲ್ಲ. ನಲವತ್ತಕ್ಕೂ ಮೀರಿದ ಕಾದಂಬರಿಗಳ ಜತೆಗೆ ಪಠ್ಯಪುಸ್ತಕ, ಮಕ್ಕಳ ‘ಬಾಲ ಪ್ರಪಂಚ’ದ 3 ಸಂಪುಟಗಳು, ‘ವಿಜ್ಞಾನ ಪ್ರಪಂಚ’ದ 4 ಸಂಪುಟಗಳು, ನಿಘಂಟು, ಪ್ರವಾಸ ಕಥನ, ಯಕ್ಷಗಾನ ಸಂಶೋಧನೆ ಎಲ್ಲವನ್ನೂ ಕೈಗೆತ್ತಿಕೊಂಡರು. ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯವನ್ನೂ ನಡೆಸಿದರು. ಆರಂಭದಲ್ಲಿ ‘ವಸಂತ’ ಎಂಬ ಪತ್ರಿಕೆಯನ್ನೂ ನಡೆಸಿ ನಿಲ್ಲಿಸಿದ್ದುಂಟು.

ಅವರ ಬಾಳಿನಿಂದ ಗ್ರಹಿಸಬೇಕಾದುದು ‘ಎಲ್ಲವನ್ನೂ ಮಾಡು’ ಎಂಬುದಲ್ಲ. ಅದು ಎಲ್ಲರಿಂದ ಸಾಧ್ಯವಲ್ಲ. ಒಂದು ಕೆಲಸ ಇನ್ನೊಂದಕ್ಕೆ ಆಸರೆಯಾಗುವಂತೆ ಜೋಡಿಸಿಕೊಂಡ ಕ್ರಮವನ್ನು ಗಮನಿಸಬೇಕು. ಪಠ್ಯಪುಸ್ತಕ, ಕೋಶಗಳಂಥ ಕೃತಿಗಳಿಗೆ ಶಾಲೆಗಳಲ್ಲಿ ಗೊತ್ತಾದ ಬೇಡಿಕೆಯುಂಟು. ಯಕ್ಷಗಾನದ ಹುಡುಕಾಟ ವ್ಯಯವನ್ನೇ ತರುವಂಥದು. ಮೊದಲನೆಯದರ ಬಲದಿಂದ ಎರಡನೆಯದು ನಡೆಯಬಲ್ಲುದು. ಹೀಗೆ ವ್ಯಯದ ಕೆಲಸವೆಂದು ಕಂಡುದೇ ಗ್ರಂಥರೂಪಕ್ಕೆ ಬಂದು, ‘ಯಕ್ಷಗಾನ ಬಯಲಾಟ’ಕ್ಕೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು.

ಇದಕ್ಕೆ ಪ್ರತಿಯಾಗಿ ವಿಜಯಪುರದ ಫ. ಗು. ಹಳಕಟ್ಟಿಯವರ (1880–1964) ಬಾಳನ್ನು ನೋಡಬೇಕು. ಅವರು ವಕೀಲರು, ವಕೀಲಿ ಅವರ ಆಯ, ವಚನಗಳ ಶೋಧ ಅವರ ಆನಂದ. ತಾಳೆಯ ಗರಿಗಳನ್ನು ಅರಸಿ ಊರೂರು ಸುತ್ತಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು. ಮುದ್ರಣಕ್ಕೆ ಅನುಕೂಲವಾಗಲೆಂದು ಮನೆಯನ್ನು ಮಾರಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ನಾಡಿಗೆ ವಚನ ಸಾಹಿತ್ಯ ದೊರೆಯಿತು, ಅವರಿಗೆ ದೊರೆತುದು ಬಡತನ. ಅಂಥ ತ್ಯಾಗವನ್ನು ಲೆಕ್ಕದ ವಹಿಯಲ್ಲಿ ಅಳೆಯುವುದು ಅವಿವೇಕ. ಆದರೆ ತ್ಯಾಗವು ತ್ಯಾಗಿಯೇ ಆರಿಸಿಕೊಳ್ಳಬೇಕಾದ ಧರ್ಮ. ಅದನ್ನು ಇನ್ನೊಬ್ಬರಿಂದ ನಿರೀಕ್ಷಿಸುವ ಅಧಿಕಾರ ಸಮಾಜಕ್ಕಿಲ್ಲ. ಹಳಕಟ್ಟಿಯವರ ಹೆಸರು ಹೇಳಿ ತರುಣ ಬರಹಗಾರನ ಹಣವನ್ನು ತಡೆಹಿಡಿಯುವುದು ಆ ಹಿರಿಯರಿಗೆ ಸಲ್ಲಿಸುವ ಗೌರವವಲ್ಲ.

ಲೆಕ್ಕದ ಪಾಠ

ಇನ್ನು ಇಂದಿನ ವೃತ್ತಿನಿರತನ ಲೆಕ್ಕವನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡಬಹುದು. ಕರಡು ತಿದ್ದುವ ಹಾಗೂ ಅನುವಾದ ಮಾಡುವ ಒಬ್ಬನ ಮನೆಯ ಖರ್ಚು ತಿಂಗಳಿಗೆ 25,000 ರೂಪಾಯಿ ಎಂದು ಭಾವಿಸುವುದು. ಅದನ್ನು 30ರಿಂದ ಭಾಗಿಸಿ, ದಿನಕ್ಕೆ 833 ರೂಪಾಯಿ ಬಂದರೆ ಸಾಕೆಂದು ಅವನು ತನ್ನ ದರವನ್ನು ಗೊತ್ತುಮಾಡುತ್ತಾನೆ. ತಪ್ಪು ಇಲ್ಲಿಯೇ ಆರಂಭವಾಗುತ್ತದೆ.

ವರ್ಷದ 365 ದಿನಗಳಲ್ಲಿ 52 ಭಾನುವಾರಗಳೂ, ಹಬ್ಬ, ಮದುವೆ, ಕಾಯಿಲೆಗಳ 20 ದಿನಗಳೂ ಕಳೆದರೆ ಉಳಿಯುವುದು 293. ಅದರಲ್ಲಿ ಕಾಲು ಭಾಗ, ಅಂದರೆ ಸುಮಾರು 73 ದಿನ, ಕೆಲಸ ಹುಡುಕುವುದರಲ್ಲಿ, ಪತ್ರವ್ಯವಹಾರದಲ್ಲಿ, ಬಾಕಿ ವಸೂಲಿಗೆ ಅಲೆಯುವುದರಲ್ಲಿ ಹೋಗುತ್ತದೆ. ನಿಜವಾಗಿ ದುಡಿಯುವ ದಿನಗಳು 220. ಖರ್ಚಿನ ಕಡೆಯಲ್ಲಿ, ವರ್ಷದ ಮನೆವಾರ್ತೆ 3,00,000 ಮಾತ್ರವಲ್ಲ. ಗಣಕಯಂತ್ರ, ವಿದ್ಯುತ್ತು, ಪುಸ್ತಕ, ಔಷಧಗಳಿಗೆ 30,000 ಸೇರಿಸಬೇಕು. ಒಟ್ಟು 3,30,000ವನ್ನು 220ರಿಂದ ಭಾಗಿಸಿದರೆ ದಿನಕ್ಕೆ 1,500 ರೂಪಾಯಿ. 833ರ ದರದಲ್ಲಿ ದುಡಿದವನಿಗೆ ವರ್ಷಾಂತ್ಯಕ್ಕೆ ಬರುವುದು 1,83,260, ಕೊರತೆ 1,46,740. ಈ ಕೊರತೆಯನ್ನು ತುಂಬಲು ಅವನು ರಾತ್ರಿಯೂ ದುಡಿಯುತ್ತಾನೆ, ಭಾನುವಾರವೂ ದುಡಿಯುತ್ತಾನೆ. ಕೆಲಸದ ಗುಣ ಕೆಡುತ್ತದೆ, ಕಣ್ಣು ಕೆಡುತ್ತದೆ. ದೈವವನ್ನು ದೂರುತ್ತಾನೆ, ದೋಷವಿದ್ದುದು ಭಾಗಾಕಾರದಲ್ಲಿ.

ಇದೇ ಮನುಷ್ಯನು ಮೂರು ಕಡೆಗಳೊಡನೆ, ಒಂದು ಶಾಲೆ, ಒಂದು ಮಾಸಪತ್ರಿಕೆ, ಒಬ್ಬ ಪ್ರಕಾಶಕ, ವರ್ಷದ ಒಪ್ಪಂದ ಮಾಡಿಕೊಂಡನೆಂದು ಎಣಿಸುವುದು. ತಿಂಗಳಿಗೆ ತಲಾ ನಾಲ್ಕು ದಿನಗಳ ಕೆಲಸ, ತಲಾ 6,000 ರೂಪಾಯಿ. ವರ್ಷಕ್ಕೆ 2,16,000 ನಿಶ್ಚಿತವಾಯಿತು. ಅವನ ಅಗತ್ಯದ ಮೂರರಲ್ಲಿ ಎರಡು ಪಾಲಿಗೆ ಇದು ಸಮೀಪ. ಹಿಡಿದ ದಿನಗಳು 144. ಉಳಿದ 76 ದಿನಗಳಲ್ಲಿ ಬಿಡಿ ಕೆಲಸಗಳಿಂದ 1,14,000 ಬಂದರೆ ಲೆಕ್ಕ ಸರಿಹೋಗುತ್ತದೆ. ಅಷ್ಟೇ ಅಲ್ಲದೆ, ಕೆಲಸ ಹುಡುಕುತ್ತ ಅಲೆಯುತ್ತಿದ್ದ 73 ದಿನಗಳಲ್ಲಿ 30 ದಿನವಾದರೂ ಉಳಿಯುತ್ತದೆ. ಆ 30 ದಿನಗಳು ಅವನ ಸ್ವಂತ ಆಸ್ತಿ. ಬಹುಕಾಲದಿಂದ ಮಾಡಬೇಕೆಂದುಕೊಂಡಿದ್ದ ಅನುವಾದವನ್ನು ಅವನು ಆಗ ಆರಂಭಿಸಬಹುದು. ಸಂತೋಷವು ಹೆಚ್ಚು ಹಣದಿಂದ ಬಂದುದಲ್ಲ, ಹುಡುಕಾಟ ತಪ್ಪಿದುದರಿಂದ ಬಂದುದು.

ಈ ಕ್ರಮಕ್ಕೆ ಕೆಲವು ನಿಯಮಗಳುಂಟು. ಒಬ್ಬನೇ ಧಣಿಯಿಂದ ಬರುವ ಹಣ ಒಟ್ಟು ಆದಾಯದ ಮೂರರಲ್ಲಿ ಒಂದು ಪಾಲನ್ನು ಮೀರಬಾರದು. ಮೀರಿದರೆ ಅದು ಸಂಬಳವೂ ಅಲ್ಲದ, ಸ್ವಾತಂತ್ರ್ಯವೂ ಅಲ್ಲದ ತ್ರಿಶಂಕು ಸ್ಥಿತಿ. ದೊಡ್ಡ ಕೆಲಸಕ್ಕೆ ಮೊದಲು ಒಂದು ಪಾಲು, ನಡುವೆ ಒಂದು ಪಾಲು, ಒಪ್ಪಿಸುವಾಗ ಉಳಿದ ಪಾಲು ಎಂದು ಮೂರು ಕಂತುಗಳನ್ನು ಬರೆಹದಲ್ಲಿಯೇ ಗೊತ್ತುಮಾಡಬೇಕು. ಆರು ತಿಂಗಳ ಖರ್ಚು, ಈ ಉದಾಹರಣೆಯಲ್ಲಿ 1,50,000, ಬೇರೆ ಖಾತೆಯಲ್ಲಿ ಕೂಡಿಬರುವವರೆಗೆ ಬೇರೆ ಆಸೆಗಳನ್ನು ಬದಿಗಿಡಬೇಕು. ನಿವೃತ್ತಿವೇತನವಿಲ್ಲದವರು 15 ವರ್ಷಗಳ ಅವಧಿಯ ಸಾರ್ವಜನಿಕ ಭವಿಷ್ಯ ನಿಧಿಯನ್ನೋ, 2009ರಿಂದ ಎಲ್ಲ ನಾಗರಿಕರಿಗೂ ತೆರೆದಿರುವ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಯನ್ನೋ ತರುಣ ವಯಸ್ಸಿನಲ್ಲಿಯೇ ಆಶ್ರಯಿಸುವುದು ಲೇಸು.

ಬಾಕಿ ಹಣದ ವಿಷಯದಲ್ಲಿ ಕಾನೂನಿನ ಬೆಂಬಲವೂ ಇದೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆಯ ಪ್ರಕಾರ, ಸೂಕ್ಷ್ಮ ಅಥವಾ ಸಣ್ಣ ಉದ್ಯಮವೆಂದು ನೋಂದಾಯಿಸಿಕೊಂಡವರ ಸರಕನ್ನೋ ಸೇವೆಯನ್ನೋ ಪಡೆದವರು ಹಣ ಕೊಡುವ ಗಡುವನ್ನು 45 ದಿನಗಳಿಗಿಂತ ಹೆಚ್ಚಾಗಿ ಇಡುವಂತಿಲ್ಲ. ತಡಮಾಡಿದರೆ ರಿಸರ್ವ್ ಬ್ಯಾಂಕಿನ ದರದ ಮೂರು ಪಟ್ಟು ಬಡ್ಡಿಯನ್ನು ತೆರಬೇಕಾಗುತ್ತದೆ. ಒಬ್ಬಂಟಿಯಾಗಿ ಸೇವೆ ಸಲ್ಲಿಸುವವನೂ ಹೀಗೆ ನೋಂದಾಯಿಸಿಕೊಳ್ಳಬಹುದು.

ಹಕ್ಕು ಎಂಬ ಭೂಮಿ

ದುಡಿಮೆಯನ್ನು ಮಾರುವುದು ಬೇರೆ, ದುಡಿಮೆಯ ಫಲದ ಹಕ್ಕನ್ನು ಮಾರುವುದು ಬೇರೆ. ‘ಫ್ರೀಲಾನ್ಸ್’ ಪದವನ್ನು ಪ್ರಚುರಪಡಿಸಿದ ಸ್ಕಾಟನ ಬಾಳೇ ಇದಕ್ಕೆ ಸಾಕ್ಷಿ. ನ್ಯಾಯಾಲಯದ ಸಂಬಳದ ಹುದ್ದೆಯೂ ಕಾದಂಬರಿಗಳ ಅಪಾರ ಆದಾಯವೂ ಅವನಿಗಿದ್ದವು. ಆದರೆ ಮುದ್ರಣ ಸಂಸ್ಥೆಯೊಂದರಲ್ಲಿ ಗುಟ್ಟಾಗಿ ಪಾಲುದಾರನಾಗಿದ್ದು, 1826ರಲ್ಲಿ ಅದು ಮುಳುಗಿದಾಗ ಒಂದು ಲಕ್ಷ ಪೌಂಡಿಗೂ ಮೀರಿದ ಸಾಲ ತಲೆಯ ಮೇಲೆ ಬಿದ್ದಿತು. ದಿವಾಳಿಯೆಂದು ಕೈಯೆತ್ತದೆ ಬರೆದು ತೀರಿಸುವೆನೆಂದು ಹಟ ತೊಟ್ಟು, ಬರೆದೂ ಬರೆದೂ ದೇಹ ಕುಸಿದು 1832ರಲ್ಲಿ ತೀರಿಕೊಂಡನು. ಉಳಿದ ಸಾಲ ಮುಂದೆ ತೀರಿದುದು ಅವನ ಕೃತಿಗಳ ಹಕ್ಕುಸ್ವಾಮ್ಯದಿಂದ. ಲೇಖನಿ ನಿಂತ ಮೇಲೂ ಹಕ್ಕು ದುಡಿಯಿತು. ಹಿಂದಿನವರಿಗೆ ಅಗ್ರಹಾರದ ವೃತ್ತಿಭೂಮಿ ಹೇಗೋ ಇಂದಿನವರಿಗೆ ಕೃತಿಯ ಹಕ್ಕು ಹಾಗೆ.

ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಸಾಹಿತ್ಯ ಕೃತಿಯ ಹಕ್ಕು ಕರ್ತೃವಿನ ಜೀವಿತಕಾಲವಷ್ಟೇ ಅಲ್ಲದೆ ಆಮೇಲೆ 60 ವರ್ಷ ಉಳಿಯುತ್ತದೆ. ಅನುವಾದಕ್ಕೂ ಪ್ರತ್ಯೇಕ ಹಕ್ಕುಂಟು. ಹಕ್ಕಿನ ವರ್ಗಾವಣೆ ಬರೆಹದಲ್ಲಿ ಆಗಬೇಕು. ಅವಧಿಯನ್ನು ನಮೂದಿಸದಿದ್ದರೆ ಅದು 5 ವರ್ಷಕ್ಕೆ ಮಾತ್ರ ಎಂದು ಕಾಯಿದೆ ಭಾವಿಸುತ್ತದೆ. ಕಲಾವಿದರೂ ಛಾಯಾಗ್ರಾಹಕರೂ ಇನ್ನೂ ಎಚ್ಚರದಿಂದಿರಬೇಕು. ಹಣ ಕೊಟ್ಟು ತೆಗೆಸಿದ ಛಾಯಾಚಿತ್ರ, ಬರೆಸಿದ ವರ್ಣಚಿತ್ರಗಳ ಹಕ್ಕು, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಮಾಡಿಸಿದವನಿಗೇ ಸೇರುತ್ತದೆ. ಆದುದರಿಂದ ಅವಧಿ, ಆವೃತ್ತಿ, ಮರುಬಳಕೆಗಳ ಬಗ್ಗೆ ನಾಲ್ಕು ಸಾಲಿನ ಕಾಗದವನ್ನಾದರೂ ಬರೆದುಕೊಳ್ಳದೆ ಕೆಲಸಕ್ಕೆ ಕೈಹಚ್ಚಬಾರದು.

ಸಂತೋಷದ ಸ್ಥಾನ

ಕ್ಷೇಮವನ್ನು ಹೀಗೆ ಕಟ್ಟಿಕೊಂಡ ಮೇಲೆ ಒಂದು ಹೊಸ ಅಪಾಯ ಎದುರಾಗುತ್ತದೆ: ಇನ್ನೂ ಬೇಕೆಂಬ ಆಸೆ. ಆಯ್ದಕ್ಕಿ ಮಾರಯ್ಯನು ಒಂದು ದಿನ ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಾದುದನ್ನು ಹಿಂದಕ್ಕೆ ಸುರಿದು ಬರುವಂತೆ ಲಕ್ಕಮ್ಮ ಹೇಳಿದ ಕಥೆಯನ್ನು ಈ ಶಾಲೆಯ ಮಕ್ಕಳೆಲ್ಲ ಬಲ್ಲರು. ಅದನ್ನು ಬಡತನದ ಹೊಗಳಿಕೆಯೆಂದು ತಿಳಿಯಬಾರದು. ಇಷ್ಟು ಸಾಕೆಂಬ ಅಳತೆ ಗೊತ್ತಿಲ್ಲದವನಿಗೆ ಎಷ್ಟು ಬಂದರೂ ನೆಮ್ಮದಿಯಿಲ್ಲವೆಂಬ ಅರ್ಥಶಾಸ್ತ್ರ ಅದರಲ್ಲಿದೆ. ಮೇಲಿನ ಉದಾಹರಣೆಯ ಮನುಷ್ಯನು ಉಳಿದ 30 ದಿನಗಳನ್ನೂ ಬಿಡಿ ಕೆಲಸಗಳಿಗೆ ಮಾರಿಕೊಂಡರೆ 45,000 ರೂಪಾಯಿ ಹೆಚ್ಚು ಬರಬಹುದು. ಅವನು ಸ್ವತಂತ್ರನಾಗಿ ಉಳಿಯಲು ಇದ್ದ ಕಾರಣವೇ ಹೋಗುತ್ತದೆ.

ಇಂದು ಇನ್ನೊಂದು ಕಾರಣಕ್ಕೂ ಆ ದಿನಗಳು ಅಮೂಲ್ಯ. ಗಣಕಯಂತ್ರಗಳು ಕ್ಷಣಮಾತ್ರದಲ್ಲಿ ಅನುವಾದಿಸುವ, ಚಿತ್ರ ಬರೆಯುವ ಕಾಲವಿದು. ಪುಟಕ್ಕೆ ಇಷ್ಟೆಂದು ಅಳೆದು ಮಾರುವ ಸಾಮಾನ್ಯ ಕೆಲಸದ ಬೆಲೆ ಇದರಿಂದ ಕುಗ್ಗದಿರದು. ವಚನದಲ್ಲಿ ಬರುವ ಒಂದು ಪದಕ್ಕೆ ಬಾಗಲಕೋಟೆಯ ಕಡೆ ಒಂದರ್ಥ, ಮೈಸೂರಿನ ಕಡೆ ಇನ್ನೊಂದರ್ಥವಿದ್ದರೆ, ಯಾವುದು ಸಲ್ಲುವುದೆಂದು ನಿರ್ಣಯಿಸಿ ಅದಕ್ಕೆ ಹೊಣೆಯಾಗಿ ನಿಲ್ಲುವುದು ಮನುಷ್ಯನ ಕೆಲಸ. ಅಂಥ ವಿವೇಕ ಬೆಳೆಯುವುದು ಅವಸರವಿಲ್ಲದ ಓದಿನಿಂದ. ತನಗೆ ಪ್ರಿಯವಾದ ವಿಷಯದಲ್ಲಿ ಕಳೆದ ದಿನಗಳೇ ನಾಳೆಯ ಬಂಡವಾಳವಾಗುತ್ತವೆ. ಹೀಗೆ ಸಂತೋಷವು ಸ್ಥೈರ್ಯದ ಫಲ ಮಾತ್ರವಲ್ಲ, ಮುಂದಿನ ಸ್ಥೈರ್ಯಕ್ಕೆ ಬೀಜವೂ ಹೌದು.

ಉಪಸಂಹಾರ

ಸ್ವತಂತ್ರ ವೃತ್ತಿಯವನು ತನ್ನ ಬಾಳನ್ನು ತಾನೇ ತಿದ್ದಿಕೊಳ್ಳಬೇಕೆಂದು ಹೇಳಿದರೆ ಮಾತು ಅರ್ಧವಾಯಿತು. ಆಯ ಕೊಡುವ ಮನೆಗಳಿಲ್ಲದೆ ಆಯಗಾರನಿಲ್ಲ. ಶಾಲೆಗಳು, ಮಠಗಳು, ಸಂಘಗಳು, ಪ್ರಕಾಶನ ಸಂಸ್ಥೆಗಳು ಪ್ರತಿವರ್ಷವೂ ಆಮಂತ್ರಣ, ವರದಿ, ಪುಸ್ತಕ, ಸ್ಮರಣ ಸಂಪುಟಗಳನ್ನು ಹೊರಡಿಸುತ್ತವೆ. ಕೆಲಸ ಪ್ರತಿವರ್ಷ ಇರುವುದೆಂದು ಗೊತ್ತಿದ್ದರೂ ಕೊನೆಯ ವಾರದಲ್ಲಿ ಅವಸರದಿಂದ ಯಾರನ್ನೋ ಕರೆದು, ಕೆಲಸ ಮುಗಿದ ಮೇಲೆ ಹಾರ ಹಾಕಿ, ಹಣವನ್ನು ಮುಂದಿನ ಸಭೆಗೆ ಮುಂದೂಡುವ ರೂಢಿ ಹಲವೆಡೆ ಇದೆ. ಅದರ ಬದಲು ವರ್ಷದ ಮೊದಲಲ್ಲಿಯೇ ಒಬ್ಬ ಕರಡು ತಿದ್ದುವವನೊಡನೆ, ಒಬ್ಬ ಕಲಾವಿದನೊಡನೆ ಒಪ್ಪಂದ ಮಾಡಿಕೊಂಡರೆ ಸಂಸ್ಥೆಗೆ ಹೆಚ್ಚು ವ್ಯಯವಿಲ್ಲ. ಅವರ ಮನೆಯಲ್ಲಿ ತಿಂಗಳ ಮೊದಲ ವಾರ ನೆಮ್ಮದಿಯಿಂದ ಕಳೆಯುತ್ತದೆ.

ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಇಂದು ಕಚೇರಿಗಳನ್ನೂ ಉದ್ಯಮಗಳನ್ನೂ ನಡೆಸುವ ಸ್ಥಾನದಲ್ಲಿದ್ದಾರೆ. ದಾನಕ್ಕೆ ಕೈಯೆತ್ತುವ ಮೊದಲು, ತಮಗಾಗಿ ದುಡಿದವರ ಬಾಕಿ ತಮ್ಮ ಮೇಜಿನ ಮೇಲೆ ಉಳಿದಿದೆಯೇ ಎಂದು ಅವರು ನೋಡಿಕೊಂಡರೆ ಅದೇ ಮೊದಲ ದಾಸೋಹ. ಶಿಕ್ಷಕರು ಭಾಗಾಕಾರದ ಲೆಕ್ಕವನ್ನು ಕಲಿಸುವಾಗ ಮೇಲಿನ 220 ದಿನಗಳ ಲೆಕ್ಕವನ್ನೊಮ್ಮೆ ಹಲಗೆಯ ಮೇಲೆ ಬರೆಯಲಿ. ತಲೆಯ ಮೇಲೆ ಪುಸ್ತಕ ಹೊತ್ತು ನಡೆದ ಗಳಗನಾಥರನ್ನು ನೆನೆಯುವ ನಾಡು, ಇಂದು ಹಾಗೆ ನಡೆಯುತ್ತಿರುವವರ ಹೊರೆಯನ್ನು ಇಳಿಸಲು ಒಂದು ಕೈ ಕೊಟ್ಟರೆ ಆ ನೆನಪು ಸಾರ್ಥಕವಾಗುತ್ತದೆ.